ನೋವು ಅಂದು, ದುಡ್ಡು ಇಂದು, ತೆರಿಗೆ ಯಾವ ವರ್ಷಕ್ಕೆ?

ಬೆಂಗಳೂರಿನ ಉತ್ತರದ ಅಂಚನ್ನು ಸೈನಿಕರ ಸೀಮೆ ಎಂದರೂ ನಡೆಯುತ್ತದೆ. ಯಲಹಂಕದಲ್ಲಿ ಒಂದು ವಾಯುನೆಲೆ, ಜಾಲಹಳ್ಳಿಯಲ್ಲಿ ಇನ್ನೊಂದು, ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ. ಸಮವಸ್ತ್ರ ಕಳಚಿದವರಲ್ಲಿ ಅನೇಕರು ದೂರ ಹೋಗದೆ ಅಲ್ಲೇ ವಿದ್ಯಾರಣ್ಯಪುರ, ಸಂಜಯನಗರ, ಆರ್.ಟಿ. ನಗರದ ಕಡೆ ಮನೆ ಮಾಡಿಕೊಂಡಿದ್ದಾರೆ. ಇವರಲ್ಲೊಬ್ಬರಿಗೆ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ ಎಂದಿಟ್ಟುಕೊಳ್ಳೋಣ. ಮೆಡಿಕಲ್ ಬೋರ್ಡು ವೈಕಲ್ಯ ಇದೆ ಎಂದಿತು. ಅದಕ್ಕೆ ಸೇವೆ ಕಾರಣವಲ್ಲ ಎಂದೂ ಬರೆಯಿತು. ಅರ್ಜಿ, ಮೇಲ್ಮನವಿ, ಮತ್ತೊಂದು ಮೇಲ್ಮನವಿ, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಈ ಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಹಾಗಾಗಿ ಜಾಲಹಳ್ಳಿಯ ಮಂಡಿನೋವಿನ ಕಡತ ಕೇರಳದ ಕರಾವಳಿಯನ್ನು ಕಂಡು ಬರಬೇಕು.

ವರ್ಷಗಳು ಉರುಳಿ ಆದೇಶ ಬರುತ್ತದೆ. ಒಂದು ಬೆಳಿಗ್ಗೆ ಬ್ಯಾಂಕಿನ ಮೆಸೇಜು: ಇಷ್ಟು ಲಕ್ಷ ಜಮಾ. ಮನೆಯಲ್ಲಿ ಸಂತೋಷ. ಸಂಜೆಯ ಹೊತ್ತಿಗೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: ಇದಕ್ಕೆ ಟ್ಯಾಕ್ಸ್ ಇದೆಯಾ? ಆಡಿಟರ್ ಬಳಿ ಹೋದರೆ ಅವರ ಮೊದಲ ಪ್ರಶ್ನೆ ಬೇರೆ: ಇದು ಯಾವ ವರ್ಷದ ದುಡ್ಡು?

ಆಡಿಟರ್ ಕೇಳಿದ್ದು ಲೆಕ್ಕದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಭಾರತದ ಇಬ್ಬರು ಸೂತ್ರಕಾರರು ಬಹಳ ಹಿಂದೆಯೇ ಜಗಿದು ಬಿಟ್ಟಿದ್ದಾರೆ. ಯಜ್ಞ ಇಂದು ಮುಗಿಯುತ್ತದೆ, ಫಲ ಎಂದೋ ಬರುತ್ತದೆ. ಮುಗಿದುಹೋದ ಕೆಲಸ ಮುಂದಿನ ಫಲವನ್ನು ಹೇಗೆ ತಂದೀತು? ಕರ್ಮ ಮುಗಿದ ಗಳಿಗೆಯಲ್ಲೇ ಕಣ್ಣಿಗೆ ಕಾಣದ ಒಂದು ಶಕ್ತಿ ಹುಟ್ಟುತ್ತದೆ, ಅದು ಫಲ ಕೊಡುವವರೆಗೆ ಕಾದಿರುತ್ತದೆ ಎಂದರು ಜೈಮಿನಿಯ ಪರಂಪರೆಯ ಮೀಮಾಂಸಕರು. ಅದಕ್ಕೆ ಅಪೂರ್ವ ಎಂದು ಹೆಸರಿಟ್ಟರು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಬಾದರಾಯಣರು ಈ ಪಕ್ಷವನ್ನು ಜೈಮಿನಿಯ ಹೆಸರು ಹೇಳಿಯೇ ಎತ್ತಿಕೊಂಡು, ಬದಿಗೆ ಸರಿಸುತ್ತಾರೆ. ಅವರ ಪ್ರಕಾರ ಫಲ ತಾನಾಗಿ ಬರುವುದಿಲ್ಲ, ಈಶ್ವರ ಕೊಟ್ಟಾಗ ಬರುತ್ತದೆ.

ಸ್ವರ್ಗದ ಜಾಗದಲ್ಲಿ ಪರಿಹಾರಧನವನ್ನು ಇಟ್ಟು ನೋಡಿದರೆ ಜಗಳ ಹಾಗೇ ಇದೆ. ಕಾಲು ಮುರಿದ ದಿನವೇ ಹಕ್ಕು ಹುಟ್ಟಿತೇ, ಕೋರ್ಟು ಅದನ್ನು ಬರೀ ಗುರುತಿಸಿತೇ? ಅಥವಾ ಆದೇಶದ ದಿನವೇ ಆ ಹಣದ ಹುಟ್ಟುದಿನವೇ? ಮೊದಲನೆಯದು ಜೈಮಿನಿಯ ದಾರಿ, ಎರಡನೆಯದು ಬಾದರಾಯಣರ ದಾರಿ. ಮೋಕ್ಷದ ವಿಚಾರದಲ್ಲಿ ಯಾರು ಸರಿ ಎಂಬುದನ್ನು ಮಠಗಳಿಗೆ ಬಿಡಬಹುದು. ತೆರಿಗೆಯ ವಿಚಾರದಲ್ಲಿ ಮಾತ್ರ ಜೈಮಿನಿಯೇ ಸರಿ ಎಂಬುದು ಈ ಬರಹದ ವಾದ. ನಮ್ಮ ಕಾನೂನೂ ಅದನ್ನು ಅರ್ಧ ಒಪ್ಪಿದೆ. ತೊಂದರೆ ಇರುವುದು ಉಳಿದರ್ಧದಲ್ಲಿ.

ಒಪ್ಪಿದ ಅರ್ಧವನ್ನು ಮೊದಲು ನೋಡೋಣ. ಆದಾಯ ತೆರಿಗೆಯ ಮೂಲ ಸ್ವಭಾವ ಬಾದರಾಯಣರದು: ಹಿಂದೆ ತೆರಿಗೆ ಬೀಳದ ಸಂಬಳದ ಬಾಕಿ ಕೈಗೆ ಬಂದರೆ, ಬಂದ ವರ್ಷದ ಆದಾಯಕ್ಕೆ ಸೇರಿತು. ಮೂರು ವರ್ಷದ ಬಾಕಿ ಒಂದೇ ವರ್ಷದ ತಲೆಯ ಮೇಲೆ ಕೂತರೆ ತೆರಿಗೆಯ ಮೇಲಿನ ಹಂತಕ್ಕೆ ಏರುವ ಸಾಧ್ಯತೆ ಹೆಚ್ಚು. ಈ ಅನ್ಯಾಯ ಕಾನೂನು ಬರೆದವರಿಗೂ ಕಂಡಿತ್ತು. 1961ರ ಕಾಯ್ದೆಯ ಸೆಕ್ಷನ್ 89 ಅದಕ್ಕೇ ಇತ್ತು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್ನಿನ ಸಂಖ್ಯೆ ಬದಲಾದರೂ ಸೌಲಭ್ಯ ಉಳಿದಿದೆ. ಬಾಕಿಯನ್ನು ಆಯಾ ವರ್ಷಕ್ಕೆ ಹಿಂದಕ್ಕೆ ಕಳುಹಿಸಿ, ಅಂದೇ ಬಂದಿದ್ದರೆ ಎಷ್ಟು ತೆರಿಗೆ ಆಗುತ್ತಿತ್ತು ಎಂದು ಲೆಕ್ಕ ಹಾಕಿ, ಈಗ ಹೆಚ್ಚಾಗಿ ಬೀಳುವ ಹೊರೆಯನ್ನು ಇಳಿಸುವುದು ಇದರ ಕ್ರಮ. ಹಳೆಯ ರಿಟರ್ನುಗಳನ್ನು ಮತ್ತೆ ತೆರೆಯಬೇಕಿಲ್ಲ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿಯ ಅಂಗವೈಕಲ್ಯ ಭತ್ಯೆ ತಡವಾಗಿ ಇಡಿಗಂಟಾಗಿ ಬಂದವರಿಗೂ ಹೀಗೇ ಒಂದು ಆಯ್ಕೆ ಇದೆ: ಹಿಂದಿನ ವರ್ಷಗಳ ಆದಾಯಕ್ಕೆ ಜೋಡಿಸಿ ಲೆಕ್ಕ ಮಾಡಿ, ಕಡಿಮೆ ಬಂದರೆ ಅದನ್ನೇ ಉಳಿಸಿಕೊಳ್ಳಬಹುದು. ಅಲ್ಲೂ ಹಳೆಯ ರಿಟರ್ನ್ ಮುಟ್ಟುವಂತಿಲ್ಲ.

ಕಾಲವನ್ನು ಹೀಗೆ ಹಿಂದೆ ಮುಂದೆ ಎಳೆಯುವುದು ತತ್ವಶಾಸ್ತ್ರಕ್ಕೆ ಒಪ್ಪಿಗೆಯೇ? ವೈಶೇಷಿಕರನ್ನು ಕೇಳಿದರೆ ಅವರು ನಗುತ್ತಾರೆ. ಅವರ ಮತದಲ್ಲಿ ಕಾಲ ಒಂದೇ, ಅದಕ್ಕೆ ತುಂಡುಗಳಿಲ್ಲ. ಗಳಿಗೆ, ದಿನ, ವರ್ಷ ಎಲ್ಲವೂ ಸೂರ್ಯನ ಚಲನೆಯಂಥ ಹೊರಗಿನ ಉಪಾಧಿಗಳಿಂದ ನಾವು ಮಾಡಿಕೊಂಡ ವಿಭಾಗ. ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದು ಎಂಬುದಕ್ಕಂತೂ ಸೂರ್ಯನ ಆಸರೆಯೂ ಇಲ್ಲ, ಬರೀ ಸರ್ಕಾರದ ಆಸರೆ. ನಾವೇ ಹಾಕಿದ ಗೆರೆಯನ್ನು ನಾವೇ ಅಳಿಸಿ ಬೇರೆಡೆ ಎಳೆಯಲು ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. (ಬಳ್ಳಾರಿ ರಸ್ತೆಯ ಗಂಗಾನಗರದಲ್ಲಿ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ವಿಭಾಗ ಬಹಳ ವರ್ಷ ಕೆಲಸ ಮಾಡಿದ್ದು ಎಚ್‌ಎಂಟಿ ಭವನದಲ್ಲಿ. ಜಾಲಹಳ್ಳಿಯಲ್ಲಿ ದೇಶಕ್ಕೆಲ್ಲ ಕೈಗಡಿಯಾರ ಮಾಡಿಕೊಟ್ಟ ಕಂಪನಿಯ ಹೆಸರಿನ ಕಟ್ಟಡದಲ್ಲಿ ಕೂತು ಯಾವ ದುಡ್ಡು ಯಾವ ವರ್ಷದ್ದು ಎಂದು ತೀರ್ಮಾನಿಸುವುದು! ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಾರೆ.)

ಸೆಕ್ಷನ್ 89ರ ಕರುಣೆಗೂ ಒಂದು ವಿಚಿತ್ರ ಇದೆ. ಅರವತ್ತು ದಾಟದ ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರಿಗೂ 2020–21ರಿಂದ ಮೂರು ವರ್ಷಕ್ಕೆ ತಲಾ 2 ಲಕ್ಷದಂತೆ 6 ಲಕ್ಷ ರೂಪಾಯಿ ಬಾಕಿ 2023–24ರಲ್ಲಿ ಒಟ್ಟಿಗೆ ಬಂತು. ಇಬ್ಬರೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದಾರೆ. ಮೊದಲನೆಯವರ ತೆರಿಗೆಗೆ ಒಳಪಡುವ ಆದಾಯ ಪ್ರತಿವರ್ಷ 2.9 ಲಕ್ಷ. ಬಾಕಿ ಬಂದ ವರ್ಷ ಅದು 8.9 ಲಕ್ಷವಾಗಿ, ಸೆಸ್ ಸೇರಿ 94,120 ರೂಪಾಯಿ ತೆರಿಗೆ. ಆದರೆ ಬಾಕಿಯನ್ನು ಹಿಂದಕ್ಕೆ ಹಂಚಿದರೆ ಒಂದೊಂದು ವರ್ಷಕ್ಕೆ 4.9 ಲಕ್ಷ ಅಷ್ಟೆ. ಐದು ಲಕ್ಷದೊಳಗಿನ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ, 94,120 ಪೂರ್ತಿ ಮಾಫಿ. ಎರಡನೆಯವರ ವಾರ್ಷಿಕ ಆದಾಯ 4.8 ಲಕ್ಷ. ಬಂದ ವರ್ಷ 10.8 ಲಕ್ಷಕ್ಕೆ 1,41,960. ಹಿಂದಕ್ಕೆ ಹಂಚಿದರೆ ಪ್ರತಿವರ್ಷ 6.8 ಲಕ್ಷ, ಪ್ರತಿವರ್ಷ 50,440, ಮೂರು ವರ್ಷಕ್ಕೆ 1,51,320. ಹಂಚಿದ ಲೆಕ್ಕವೇ ಹೆಚ್ಚು! ಆದ್ದರಿಂದ ಪರಿಹಾರ ಒಂದು ರೂಪಾಯಿಯೂ ಇಲ್ಲ. ಅದೇ ಬಾಕಿ, ಅದೇ ಮೂರು ವರ್ಷದ ಕಾಯುವಿಕೆ. ಒಬ್ಬರಿಗೆ ಎಲ್ಲ, ಇನ್ನೊಬ್ಬರಿಗೆ ಏನೂ ಇಲ್ಲ.

ಇದನ್ನು ತಪ್ಪೆಂದು ಹೇಳುವುದು ಸುಲಭವಲ್ಲ. ಎರಡನೆಯವರಿಗೆ ದುಡ್ಡು ಸಮಯಕ್ಕೇ ಬಂದಿದ್ದರೂ ಅಷ್ಟು ತೆರಿಗೆ ಕಟ್ಟಲೇಬೇಕಿತ್ತು. ಕಾನೂನು ಕೊಡುವುದು ತಡದಿಂದಾದ ನಷ್ಟವನ್ನು ಮಾತ್ರ, ಅದೂ ತೆರಿಗೆಯಲ್ಲಿ ಆದ ನಷ್ಟವನ್ನು ಮಾತ್ರ. ಮೂರು ವರ್ಷ ಔಷಧಿಗೆ ಮಾಡಿದ ಸಾಲದ ಬಡ್ಡಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ತತ್ವದಲ್ಲಿ ಇದು ಜೈಮಿನಿಯ ಕಡೆಗೇ ಇದೆ: ಹಕ್ಕು ಹುಟ್ಟಿದ ದಿನವೇ ಲೆಕ್ಕದ ದಿನ.

ಈಗ ಉಳಿದರ್ಧ. ಇದೇ ಊರಿನ ಇಬ್ಬರು ಬೇರೆ ಮನುಷ್ಯರನ್ನು ನೋಡಬೇಕು. ಒಬ್ಬರು ಸಾರಿಗೆ ನಿಗಮದ ಬಸ್ ಚಾಲಕರು. ಸೇವೆಯಲ್ಲಿದ್ದಾಗಲೇ ಕಣ್ಣೋ ಕಾಲೋ ಹೋಯಿತು. 1995ರ ಅಂಗವಿಕಲರ ಕಾಯ್ದೆಯ ಸೆಕ್ಷನ್ 47, ಈಗ 2016ರ ಕಾಯ್ದೆಯ ಸೆಕ್ಷನ್ 20, ಇಂಥವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯಬಾರದು, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯನ್ನಾದರೂ ತೆರೆಯಬೇಕು ಎನ್ನುತ್ತದೆ. ಸಂಸ್ಥೆ ಒಪ್ಪದೆ, ಮೊಕದ್ದಮೆ ನಡೆದು, ಕೊನೆಗೆ ಕೋರ್ಟು ಹಿಂಬಾಕಿ ಸಂಬಳ ಕೊಡಿಸಿದರೆ ಅದು ಸಂಬಳವೇ. ಅದಕ್ಕೆ ಸೆಕ್ಷನ್ 89ರ ನೆರಳು ಸಿಗುತ್ತದೆ.

ಇನ್ನೊಬ್ಬರು ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವವರು. ರಸ್ತೆ ದಾಟುವಾಗ ಲಾರಿ ಗುದ್ದಿ ಬಲಗೈ ಹೋಯಿತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ (ಬೆಂಗಳೂರಿನಲ್ಲಿ ಅದು ಲಘು ವ್ಯವಹಾರಗಳ ನ್ಯಾಯಾಲಯ) 10 ಲಕ್ಷ ಪರಿಹಾರ ಕೊಡಿಸಿತು. ಅರ್ಜಿ ಹಾಕಿ ಎಂಟು ವರ್ಷವಾಗಿದೆ. ಶೇಕಡಾ 6ರಂತೆ 4.8 ಲಕ್ಷ ಬಡ್ಡಿ. ಅಸಲಿಗೆ ತೆರಿಗೆ ಇಲ್ಲ. ಆದರೆ ಬಡ್ಡಿ? ಅವರು ಯಾರ ಸಂಬಳದಾರರೂ ಅಲ್ಲ, ಹಾಗಾಗಿ ಸೆಕ್ಷನ್ 89 ಅವರತ್ತ ತಿರುಗಿಯೂ ನೋಡುವುದಿಲ್ಲ. ಬಹಳ ವರ್ಷ ನಡೆದದ್ದೇನೆಂದರೆ, ಬಡ್ಡಿ ವರ್ಷಕ್ಕೆ 50,000 ದಾಟಿದರೆ ವಿಮಾ ಕಂಪನಿ ಶೇಕಡಾ 10 ಮುರಿದುಕೊಂಡು ಕೊಡುತ್ತಿತ್ತು, ಪ್ಯಾನ್ ಇಲ್ಲದವರಿಗೆ ಶೇಕಡಾ 20. ಮೂಟೆ ಹೊರುವವರ ಬಳಿ ಎಂಟು ವರ್ಷದ ಹಿಂದಿನ ರಿಟರ್ನ್ ಇರುವುದಿರಲಿ, ರಿಟರ್ನ್ ಎಂದರೇನೆಂದು ಹೇಳಿಕೊಡುವವರೂ ಇರುವುದಿಲ್ಲ. ಮುರಿದ 48,000 ವಾಪಸು ಪಡೆಯುವ ದಾರಿ ಕಾಗದದಲ್ಲಿ ಮಾತ್ರ ತೆರೆದಿರುತ್ತಿತ್ತು.

ಸುಪ್ರೀಂ ಕೋರ್ಟು ಒಮ್ಮೆ ಜೈಮಿನಿಯ ಪಕ್ಷ ಹಿಡಿದಿತ್ತು. ಭೂಸ್ವಾಧೀನದ ಹೆಚ್ಚುವರಿ ಪರಿಹಾರಕ್ಕೆ ಬರುವ ಬಡ್ಡಿ ಕೋರ್ಟು ಆದೇಶದ ವರ್ಷದ್ದಲ್ಲ, ಜಮೀನು ಬಿಟ್ಟುಕೊಟ್ಟ ದಿನದಿಂದ ವರ್ಷ ವರ್ಷವೂ ಹುಟ್ಟುತ್ತಾ ಬಂದದ್ದು, ಹಾಗೇ ಹಂಚಬೇಕು ಎಂದು 1990ರ ರಮಾಬಾಯಿ ಪ್ರಕರಣದಲ್ಲಿ ಹೇಳಿತು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಅದನ್ನು ತಲೆಕೆಳಗು ಮಾಡಿತು: ಪರಿಹಾರದ ಬಡ್ಡಿ ಕೈಗೆ ಬಂದ ವರ್ಷದ ಆದಾಯ. ಅದರಲ್ಲಿ ಅರ್ಧವನ್ನು ಕಳೆಯಲು ಬಿಟ್ಟಿತು. ಲೆಕ್ಕ ಸರಳವಾಯಿತು ಎಂಬುದು ನಿಜ, ರೈತರಿಗೆ ಎಷ್ಟೋ ಕಡೆ ಅನುಕೂಲವೂ ಆಗಿರಬಹುದು. ಆದರೆ ಅದೇ ಬಲೆಗೆ ಕೈಕಾಲು ಕಳೆದುಕೊಂಡವರ ಬಡ್ಡಿಯೂ ಸಿಕ್ಕಿಬಿತ್ತು. 2019ರಲ್ಲಿ ಬಾಂಬೆ ಹೈಕೋರ್ಟು ಬಿಡಿಸಲು ನೋಡಿತು. ಅರ್ಜಿಯ ದಿನದಿಂದ ತೀರ್ಪಿನವರೆಗಿನ ಬಡ್ಡಿ ಪರಿಹಾರದ್ದೇ ಒಂದು ಭಾಗ, ಆದಾಯವೇ ಅಲ್ಲ ಎಂದಿತು. ಕಡೆಗೆ 2026ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಅಪಘಾತ ನ್ಯಾಯಮಂಡಳಿ ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆ ಬೇಡ, ಟಿಡಿಎಸ್ಸೂ ಬೇಡ ಎಂಬ ಪ್ರಸ್ತಾವ ಇಟ್ಟರು. ಇಷ್ಟು ಸರಳ ಮಾತಿಗೆ ಹದಿನೇಳು ವರ್ಷ ಹಿಡಿಯಿತು.

ಆದಾಯವೇ ಅಲ್ಲ ಎಂಬ ಆ ಮಾತಿನಲ್ಲಿ ಕಾಲದ ಪ್ರಶ್ನೆಗಿಂತ ಆಳದ ಇನ್ನೊಂದು ಪ್ರಶ್ನೆ ಇದೆ. ಕಳೆದುಕೊಂಡದ್ದಕ್ಕೆ ಬಂದದ್ದನ್ನು ಗಳಿಕೆ ಎನ್ನಬಹುದೇ? ಅರಿಸ್ಟಾಟಲ್ ತನ್ನ ನೀತಿಗ್ರಂಥದ ಐದನೆಯ ಭಾಗದಲ್ಲಿ ನ್ಯಾಯವನ್ನು ಎರಡಾಗಿ ಒಡೆಯುತ್ತಾನೆ: ಸಮಾಜದ ಸಂಪತ್ತನ್ನು ಹಂಚುವ ನ್ಯಾಯ ಒಂದು, ಕೆಟ್ಟುಹೋದ ಸಮತೋಲವನ್ನು ಸರಿಪಡಿಸುವ ನ್ಯಾಯ ಇನ್ನೊಂದು. ತೆರಿಗೆ ಮೊದಲನೆಯದರ ಕೆಲಸ, ಪರಿಹಾರ ಎರಡನೆಯದರದು. ಸರಿಪಡಿಸಲು ಕೊಟ್ಟದ್ದನ್ನು ಹಂಚಲು ಹೊರಟರೆ ಎರಡೂ ಕೆಡುತ್ತವೆ.

ಆದರೆ ಎಷ್ಟು ಕಳೆಯಿತು ಎಂದು ಅಳೆಯುವುದು ಹೇಗೆ? 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಬೆರಳುಗಳಿಗೂ ದರಪಟ್ಟಿ ಇತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ಇಡೀ ತೋರುಬೆರಳು ಹೋದರೆ 14. ಪೀಣ್ಯದ ಪ್ರೆಸ್ ಮಷೀನುಗಳ ಮುಂದೆ ನಿಂತವರಿಗೆ ಈ ಅಂಕಿಗಳ ಅರ್ಥ ಯಾವ ವಕೀಲರಿಗಿಂತ ಚೆನ್ನಾಗಿ ಗೊತ್ತು. ಏಕಲವ್ಯನ ಹೆಬ್ಬೆರಳಿಗೆ ನೂರಕ್ಕೆ ಮೂವತ್ತು ಎಂದು ಯಾವ ಬೋರ್ಡಾದರೂ ಬರೆದೀತೇ? ಅವನು ಬಿಲ್ಲುಗಾರ, ಅವನಿಗೆ ಹೋದದ್ದು ಪೂರ್ತಿ ನೂರು. ಇದೇ ತರ್ಕವನ್ನು ಸುಪ್ರೀಂ ಕೋರ್ಟಿನಲ್ಲಿ ಕಟ್ಟಿದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 2010ರ ಅಕ್ಟೋಬರಿನ ತೀರ್ಪಿನಲ್ಲಿ ಅವರು ದೇಹದ ವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟದ ಶೇಕಡಾವಾರು ಬೇರೆ ಎಂದು ಬಿಡಿಸಿಟ್ಟರು. ಎಡಗೈ ಹೋದರೆ ಗುಮಾಸ್ತರು ತಮ್ಮ ಕೆಲಸ ಮುಂದುವರಿಸಬಹುದು. ಚಾಲಕರಿಗೋ ಬಡಗಿಗೋ ಅದು ಹೆಚ್ಚುಕಡಿಮೆ ನೂರಕ್ಕೆ ನೂರು ನಷ್ಟ.

ಇಲ್ಲಿ ಇಲಾಖೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಪರಿಹಾರವನ್ನು ಕಳೆದ ಗಳಿಕೆಯ ಲೆಕ್ಕದಲ್ಲಿ ಕೊಡುವುದಾದರೆ, ಆ ಗಳಿಕೆ ಬಂದಿದ್ದರೆ ತೆರಿಗೆ ಬೀಳುತ್ತಿರಲಿಲ್ಲವೇ? ಬೀಳುತ್ತಿತ್ತು. ಅಪಘಾತ ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಂಬಳದಿಂದ ತೆರಿಗೆಯನ್ನು ಕಳೆದೇ ನಷ್ಟ ಎಣಿಸುತ್ತವೆ. ಒಮ್ಮೆ ಕಳೆದದ್ದನ್ನು ಇನ್ನೊಮ್ಮೆ ಕಳೆಯುವುದಕ್ಕೆ ಮಾತ್ರ ಯಾವ ವಾದವೂ ಒದಗುವುದಿಲ್ಲ.

ಹಾಗಾದರೆ ಎಲ್ಲ ಅಂಗವೈಕಲ್ಯಕ್ಕೂ ತೆರಿಗೆ ಮಾಫಿ ಮಾಡಿಬಿಟ್ಟರೆ? ಧರ್ಮಶಾಸ್ತ್ರಗಳು ಅದನ್ನೇ ಮಾಡಿದ್ದವು. ಆಪಸ್ತಂಬ ಧರ್ಮಸೂತ್ರ ಕುರುಡರು, ಮೂಕರು, ಕಿವುಡರು, ರೋಗಿಗಳಿಂದ ಕರ ವಸೂಲಿ ಬೇಡ ಎನ್ನುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದ ಪಟ್ಟಿಯಲ್ಲಿ ಕುರುಡ, ಹೆಳವ, ಎಪ್ಪತ್ತು ದಾಟಿದ ಮುದುಕ ಎಲ್ಲರೂ ಇದ್ದಾರೆ. ಇದನ್ನು ಓದಿ ನಮ್ಮ ಪೂರ್ವಿಕರ ಕರುಣೆಗೆ ಕೈಮುಗಿಯುವ ಮೊದಲು ಒಂದು ಅಧ್ಯಾಯ ಮುಂದೆ ಹೋಗಬೇಕು. ಒಂಬತ್ತನೆಯದರಲ್ಲಿ ಅದೇ ಮನು ಹುಟ್ಟುಕುರುಡರಿಗೂ ಕಿವುಡರಿಗೂ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಎನ್ನುತ್ತಾನೆ. ಅನ್ನ ಬಟ್ಟೆ ಕೊಟ್ಟರೆ ಸಾಕು. ಕರವೂ ಇಲ್ಲ, ಪಾಲೂ ಇಲ್ಲ. ಈ ಕಟ್ಟನ್ನು ಕಳಚಲು 1928ರಲ್ಲಿ ಬ್ರಿಟಿಷ್ ಭಾರತದ ಶಾಸನಸಭೆ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು.

ಕರುಣೆಯಿಂದ ಬಂದ ಮಾಫಿಗೆ ಈ ಅಪಾಯ ಯಾವಾಗಲೂ ಇದೆ: ಕೊಡುವವರು ಒಳಗೊಳಗೇ ಪಡೆದವರನ್ನು ಲೆಕ್ಕದಿಂದ ತೆಗೆದಿರುತ್ತಾರೆ. ಕನ್ನಡ ನಾಡಿನಲ್ಲಿ ಇದಕ್ಕಿಂತ ನೇರವಾದ ಇನ್ನೊಂದು ಪದ್ಧತಿ ಇತ್ತು. ಊರಿಗಾಗಿ ಹೋರಾಡಿ ಸತ್ತವರ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಕೊಡಗೆ ಭೂಮಿಗೆ ತೆರಿಗೆ ಇರುತ್ತಿರಲಿಲ್ಲ, ಇದ್ದರೂ ಹಗುರ. ಅದು ಭಿಕ್ಷೆಯಲ್ಲ, ಊರಿನ ಸಾಲ ತೀರಿಸಿದ್ದು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ ಎಂದು ಅದಕ್ಕೆ ಹೆಸರು. ಸೈನಿಕರ ಸೀಮೆ ಎಂಬ ಮಾತು ಆ ಜಾಗಕ್ಕೆ ಹೊಸದೇನಲ್ಲ.

ಆಧುನಿಕ ಕಾಲದ ನೆತ್ತರುಗೊಡಗೆ 1922ರ ಮಾರ್ಚ್ 21ರ ಅಧಿಸೂಚನೆಯಲ್ಲಿ ಬಂತು. ಗಾಯಗೊಂಡ ಸೈನಿಕರ ಪಿಂಚಣಿಗೆ ಆದಾಯ ತೆರಿಗೆ ಬೇಡ ಎಂದು ಅಂದಿನ ಸರ್ಕಾರ ಬಿಟ್ಟುಕೊಟ್ಟಿತು. ಸ್ವತಂತ್ರ ಭಾರತ ಅದನ್ನು ಉಳಿಸಿಕೊಂಡಿತು. 2001ರ ಜುಲೈನಲ್ಲಿ ನೇರ ತೆರಿಗೆಗಳ ಮಂಡಳಿ ಸೇವೆಯ ಭಾಗ, ವೈಕಲ್ಯದ ಭಾಗ ಎರಡಕ್ಕೂ ವಿನಾಯಿತಿ ಎಂದು ಸ್ಪಷ್ಟಪಡಿಸಿತು. 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟು, ವೈಕಲ್ಯದ ಶೇಕಡಾವಾರನ್ನು ಮೇಲಕ್ಕೆ ಸುತ್ತಿಸುವ ಸೌಲಭ್ಯ, ಅಂದರೆ 20ಕ್ಕೆ 50, ನಿವೃತ್ತಿಯ ವಯಸ್ಸಿನವರೆಗೆ ದುಡಿದವರಿಗೂ ಸಿಗಬೇಕು ಎಂದಿತು. ಅನೇಕರಿಗೆ ಬಾಕಿಯ ಇಡಿಗಂಟು ಬಂದದ್ದು ಇದರ ನಂತರವೇ.

2019ರ ಜೂನ್ 24ರಂದು ಮಂಡಳಿಯ 13ನೇ ಸುತ್ತೋಲೆ ಬಂತು. ವಿನಾಯಿತಿ ವೈಕಲ್ಯದಿಂದಾಗಿ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ. ವಯಸ್ಸಾಗಿ ನಿವೃತ್ತರಾದವರಿಗೆ ಇಲ್ಲ. ಅಂದರೆ ಕಾಲು ಹೋಯಿತೆಂದು ಮನೆಗೆ ಕಳಿಸಲಾದವರು ತೆರಿಗೆ ಕಟ್ಟಬೇಕಿಲ್ಲ. ಅದೇ ಕುಂಟು ಕಾಲಿನಲ್ಲಿ ಇನ್ನೂ ಹತ್ತು ವರ್ಷ ಡ್ಯೂಟಿ ಮಾಡಿದವರು ಕಟ್ಟಬೇಕು. ಪಿಂಚಣಿಯಲ್ಲಿ ಕೋರ್ಟು ಅಳಿಸಿದ್ದ ಗೆರೆಯನ್ನು ತೆರಿಗೆಯಲ್ಲಿ ಮತ್ತೆ ಎಳೆದಂತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಯಥಾಸ್ಥಿತಿಗೆ ಆದೇಶಿಸಿತು.

ಸುಳ್ಳು ವೈಕಲ್ಯ ತೋರಿಸಿ ವಿನಾಯಿತಿ ಹೊಡೆಯುವವರಿದ್ದಾರೆ ಎಂಬ ವಾದ ಆಗ ಕೇಳಿಬಂತು. ಇರಬಹುದು. ಅದಕ್ಕೆ ಮದ್ದು ಮೆಡಿಕಲ್ ಬೋರ್ಡಿನಲ್ಲಿದೆಯೇ ಹೊರತು ತೆರಿಗೆಯ ಸುತ್ತೋಲೆಯಲ್ಲಿಲ್ಲ. ಸುತ್ತೋಲೆ ಹಿಡಿದದ್ದು ಮನುವಿನ ಹಾದಿ: ಕೈಲಾಗದವರಿಗೆ ವಿನಾಯಿತಿ, ಕೈಲಾದವರಿಗೆ ಇಲ್ಲ. ನೆತ್ತರುಗೊಡಗೆ ಕೇಳುತ್ತಿದ್ದುದು ಬೇರೆ ಪ್ರಶ್ನೆ: ಯಾರಿಗಾಗಿ ಪೆಟ್ಟು ತಿಂದರು?

ಶರಣರಲ್ಲಿ ಸುಂಕದ ಬಂಕಣ್ಣ ಎಂಬೊಬ್ಬರಿದ್ದರು. ಸುಂಕ ವಸೂಲಿಯೇ ಅವರ ಕಾಯಕ, ಬಂಕೇಶ್ವರಲಿಂಗ ಅವರ ಅಂಕಿತ. ತೆರಿಗೆ ಎತ್ತುವುದನ್ನೂ ಕಾಯಕದ ಪಟ್ಟಿಗೆ ಸೇರಿಸಿಕೊಂಡ ಪರಂಪರೆ ತೆರಿಗೆಯನ್ನು ಕೆಡುಕೆಂದು ತಿಳಿದಿರಲಾರದು. ಕಾಯಕವೆಂದ ಮೇಲೆ ಅಳತೆ ಸರಿಯಿರಬೇಕು ಎಂಬುದು ಅದರ ನಿರೀಕ್ಷೆ. ಇಲ್ಲಿ ಅಳತೆ ಎಂದರೆ ತಾರೀಖು.

ಬಾಕಿ ಕೈಗೆ ಬಂದವರು ತಾವಾಗಿ ಮಾಡಬಹುದಾದ ಕೆಲಸವೂ ತಾರೀಖಿನದೇ. ಬ್ಯಾಂಕಿನ ಒಂದು ಸಾಲಿನ ಜಮಾ ನೋಡಿ ಸೆಕ್ಷನ್ 89ರ ಲೆಕ್ಕ ಹಾಕಲಾಗದು. ಯಾವ ವರ್ಷಕ್ಕೆ ಎಷ್ಟು ಬರಬೇಕಿತ್ತು, ಎಷ್ಟು ಬಂದಿತ್ತು ಎಂಬ ವರ್ಷವಾರು ಪಟ್ಟಿಯನ್ನು, ಕಚೇರಿಯವರ ಮಾತಿನಲ್ಲಿ ಡ್ಯೂ-ಡ್ರಾನ್ ಸ್ಟೇಟ್‌ಮೆಂಟನ್ನು, ಪಿಂಚಣಿ ಅಥವಾ ಸಂಬಳದ ಕಚೇರಿಯಿಂದ ಬರೆದು ಕೇಳಿ ಪಡೆಯಬೇಕು. 1961ರ ಕಾಯ್ದೆಯಡಿ ರಿಟರ್ನಿಗೆ ಮೊದಲೇ ಫಾರ್ಮ್ 10ಇ ಆನ್‌ಲೈನಿನಲ್ಲಿ ಸಲ್ಲಿಸಬೇಕಿತ್ತು. ಸಲ್ಲಿಸದೆ ರಿಟರ್ನಿನಲ್ಲಿ ಮಾತ್ರ ಪರಿಹಾರ ತೋರಿಸಿದವರಿಗೆ, ಕೇಳಿದ್ದನ್ನು ಒಪ್ಪಿಲ್ಲ, ಇಷ್ಟು ಕಟ್ಟಿ ಎಂಬ ನೋಟಿಸು ಬಂದಿದೆ. ಕೊಚ್ಚಿಯವರೆಗೆ ಹೋಗಿ ಗೆದ್ದು ಬಂದವರೂ ಎಡವಬಹುದಾಗಿದ್ದದ್ದು ಆ ಒಂದು ಫಾರ್ಮಿನಲ್ಲಿ.